ಒಂದನೇ ಮಗ್ಗುಲು, ನಾಲ್ಕನೇ ಮಗ್ಗುಲು

ಗುಜರಿ ಬಾಬಣ್ಣನ ತಕ್ಕಡಿಯಲ್ಲಿ
ಫ್ಯಾನಿನ ರೆಕ್ಕೆ, ತುಕ್ಕಿನ ನಲ್ಲಿಗಳ ಜೊತೆ
ಕಿಲೋ ಲೆಕ್ಕಕ್ಕೆ ಬಂದಿದ್ದಳು ಅವಳು.
ಕಂಟೋನ್ಮೆಂಟಿನಲ್ಲಿ ಯಾರೋ ರೈಲ್ವೆ ಡ್ರೈವರನ ಮನೆ
ಖಾಲಿ ಮಾಡಿದರಂತೆ.
ರಟ್ಟಿನ ಕವರಿಗೆ ಗೆದ್ದಲು. ಓದಲು ಬಂದದ್ದು
ಲಂಡನ್ನು, ಅರವತ್ತೊಂಬತ್ತು.

ಎರಡು ಪ್ಲೇಟು ಇರಬೇಕಿತ್ತು. ಒಂದೇ ಇತ್ತು.
ಅದರ ಒಂದು ಮುಖಕ್ಕೆ ಒಂದು, ಇನ್ನೊಂದಕ್ಕೆ ನಾಲ್ಕು.
“ಎರಡು, ಮೂರು ಎಲ್ಲಿ?”
“ನನ್ನ ಕೇಳಿದ್ರ? ಬ್ರಿಟಿಷರನ್ನ ಕೇಳು.”

ಪ್ಲೇಯರು ರಿಪೇರಿ ಮಾಡಿಕೊಟ್ಟ ಖಲಂದರ್ ಬಿಡಿಸಿ ಹೇಳಿದ:
ಆಗಿನ ಮಿಷಿನ್ನಿನಲ್ಲಿ ಪ್ಲೇಟುಗಳು
ಒಂದರ ಮೇಲೊಂದು ತಾವೇ ಬೀಳುತ್ತಿದ್ದವು.
ಒಂದು, ಎರಡು ಮುಗಿದವೋ,
ಜೋಡಿಯನ್ನು ರೊಟ್ಟಿ ಹಾಗೆ ಮಗುಚಿದರೆ ಮೂರು, ನಾಲ್ಕು.
ಅಂದರೆ ನನಗೆ ಸಿಕ್ಕಿದ್ದು ಶುರು ಮತ್ತು ಕೊನೆ.
ನಡುವಿನದು ಯಾರ ಅಟ್ಟದ ಮೇಲೆ ಮಲಗಿದೆಯೋ.

ಕೌಲ್ ಬಜಾರಿನಲ್ಲಿ ಎಂಟು ಮಿಷಿನ್ನಿನ ಯೂನಿಟ್ಟು ನಂದು.
ಜೀನ್ಸಿನ ಕಿಸೆ ಮಾತ್ರ ಹೊಲಿಯುತ್ತೇವೆ,
ಉಳಿದ ಪ್ಯಾಂಟು ಎಲ್ಲಿ ಆಗುತ್ತದೋ ನೋಡಿಲ್ಲ.
ರಾತ್ರಿ ಒಂಬತ್ತಕ್ಕೆ ಮೋಟಾರು ನಿಂತ ಮೇಲೆ
ಬೆರಳ ನೀಲಿಯನ್ನು ಸೆರಗಿಗೆ ಒರೆಸಿ
ಮುಳ್ಳು ಇಳಿಸಿದೆ.

ಮೊದಲು ಗರಗರ.
ಆಮೇಲೆ ಹಾರ್ಮೋನಿಯಂ ಅಲ್ಲ, ಅದರ ದೊಡ್ಡಪ್ಪ,
ಹೊಟ್ಟೆ ತುಂಬ ಗಾಳಿಯ ಬದಲು ಕರೆಂಟು ಕುಡಿದವನು.
ಡ್ರಮ್ಮಿನ ಹುಡುಗ ತಾಳ ಹಾಕುವುದಿಲ್ಲ, ಕೆಣಕುತ್ತಾನೆ.
ಬಾಸಿನವನೊಬ್ಬನೇ ಕರೆಂಟು ಹೋದ ಓಣಿಯಲ್ಲೂ
ಮನೆ ದಾರಿ ಗೊತ್ತಿದ್ದವನ ಹಾಗೆ ನಡೆಯುತ್ತಾನೆ.

ಆಮೇಲೆ ಅವಳು.
ಮೊದಲಿಗೆ ಸಣ್ಣಗೆ, ಅಂಗಡಿ ಹೊರಗೆ ನಿಂತು
ಬೆಲೆ ಕೇಳುವವರ ಹಾಗೆ.
ಒಂದು ಸಾಲು. ಇನ್ನೊಂದು ಸಾಲು.
ಮೂರನೆಯದಕ್ಕೆ ಏಣಿ ಹಾಕದೆ ಮಾಳಿಗೆ ಏರಿದಳು.
ಮೇ ತಿಂಗಳ ಮಧ್ಯಾಹ್ನ ಎರಡಕ್ಕೆ
ಕೋಟೆ ಗುಡ್ಡದ ಬಂಡೆಗೆ ಬರಿಗಾಲು ಇಟ್ಟವರ ಕೂಗಲ್ಲ ಅದು,
ಇಟ್ಟೂ ತೆಗೆಯದವರ ಕೂಗು.

ಇಂಗ್ಲಿಷು ನನಗೆ ಚಲನ್ನಿನಷ್ಟು ಗೊತ್ತು:
ಸೈಜು, ಪೀಸು, ಡ್ಯಾಮೇಜು.
ಅವಳು ಇದರಲ್ಲಿ ಒಂದನ್ನೂ ಹೇಳಲಿಲ್ಲ.

ಮರುದಿನ ಗಾದಿಲಿಂಗಪ್ಪ ಮಾಸ್ತರನ್ನು ಕರೆತಂದೆ.
ಮೂವತ್ತು ವರ್ಷ ನಾಟಕ ಕಂಪನಿಯಲ್ಲಿ
ಕಾಲುಪೆಟ್ಟಿಗೆ ಒತ್ತಿದ ಪಾದ
ಈಗಲೂ ಕುರ್ಚಿಯಲ್ಲಿ ಕೂತರೆ ಸುಮ್ಮನಿರುವುದಿಲ್ಲ.
ಕಣ್ಣು ಮುಚ್ಚಿ ಕೇಳಿದರು.
“ಈ ಪೆಟಿಗಿ ಮಾಸ್ತರ ಆಕಿ ಹಿಂದ ಓಡಾಕತ್ಯಾನ, ಆಕಿ ಸಿಗವಲ್ಲಳು.
ತಡಿ, ಸಿಕ್ಕಳು... ಬಿಟ್ಟ ನೋಡು.
ಬೇಕಂತ ಬಿಟ್ಟ. ಶಾಣ್ಯಾ ಅದಾನ.”

ಪ್ಲೇಟು ಮಗುಚಿದೆ.
ನಾಲ್ಕನೇ ಮಗ್ಗುಲ ಕೊನೆಯಲ್ಲೊಂದು ಗೀರು:
ಅಲ್ಲಿ ಅವಳು ಅದೇ ಅರ್ಧ ಉಸಿರನ್ನು
ಮತ್ತೆ, ಮತ್ತೆ ಎತ್ತುತ್ತಾಳೆ,
ನಾನು ಬೆರಳು ತಾಕಿಸುವ ತನಕ.

ಮಾಸ್ತರು ಬಹಳ ಹೊತ್ತು ಮಾತಾಡಲಿಲ್ಲ.
“ನಮ್ಮ ಕಂಪನ್ಯಾಗ ಅಂಬಕ್ಕ ಅಂತಿದ್ಳು.
ಮೈಕು ಕೆಟ್ಟ ದಿನ ಆಕಿಗೆ ಹಬ್ಬ.
ಗ್ಯಾಲರಿ ಕಡೇ ಸಾಲಿಗೆ ಮುಟ್ಟಿಸ್ತಿದ್ಳು.
ಆಕಿದು ಒಂದೂ ಪ್ಲೇಟು ಆಗಲಿಲ್ಲ.”

“ಇದರದೂ ನಡುವಿಂದು ಇಲ್ಲ ಮಾಸ್ತರ,” ಅಂದೆ.
“ಇಲ್ಲಂದ್ರ ಏನಾತು?
ರಾಜಾ ಪಾರ್ಟಿನವ ಕುಡುದು ಬಿದ್ದಾಗ
ಅರ್ಧ ತಾಸು ಯಾರು ತುಂಬ್ತಿದ್ರು?”

ಮೂಲೆಯಲ್ಲೊಂದು ಹಳೇ ಕಾಲುಮಿಷಿನ್ನಿದೆ, ನನ್ನ ಮೊದಲನೆಯದು.
ಅದರ ಮುಂದೆ ಕೂತರು. ದಾರವಿಲ್ಲದ ಸೂಜಿ
ಟಕಟಕ ಬಟ್ಟೆಯಿಲ್ಲದ ಕಡೆ ಹೊಲಿಯತೊಡಗಿತು.
ಹಲಗೆಯ ಮೇಲೆ ಹತ್ತೂ ಬೆರಳು,
ಬಾಯಲ್ಲಿ ಸ್ವರ, ಪಕ್ಕಕ್ಕೆ ವಾಲಿ ನನ್ನ ಕಡೆ ನೋಡಿ
ಹುಬ್ಬು ಹಾರಿಸಿದರು: ಹೂಂ, ಎತ್ತು.

ಎಂಟು ಮಿಷಿನ್ನಿನ ಮೇಲೆ ಕೂಗಿ ಕೂಗಿ
ಬೆಳೆದ ದನಿ ನನ್ನದು.
ಮೆಲ್ಲಗೆ ಮಾತಾಡು ಅಂತ
ತವರು, ಅತ್ತೆಮನೆ, ಬ್ಯಾಂಕಿನ ಮ್ಯಾನೇಜರು, ಎಲ್ಲರೂ ಹೇಳಿದ್ದಾರೆ.
ಹಾಡು ಬರುವುದಿಲ್ಲ ನನಗೆ.
ಬಾಯಿ ತೆರೆದೆ.

ಓವರ್‌ಲಾಕಿನ ಶಾಹೀನಾ ಊಟದ ಡಬ್ಬಿ ಕೆಳಗಿಟ್ಟಳು.
ಪಕ್ಕದ ಮನೆಯವರು ಗೋಡೆ ಬಡಿದರು,
ತಾಳ ತಪ್ಪಿ.
ಮಾಸ್ತರು ಅದನ್ನೂ ಸೇರಿಸಿಕೊಂಡರು.